ದಿನಕ್ಕೆ ಅರ್ಧ ಗಂಟೆ ನಡಿಗೆ

"ಬೆಳಗಿಂದ ರಾತ್ರಿ ತನಕ ದುಡೀತೀವಿ ಟೀಚರ್. ನಮಗೆ ಯಾಕೆ ವ್ಯಾಯಾಮ?" ಅಂತ ಅಕ್ಕಂದಿರು ಕೇಳುತ್ತಾರೆ. ಈ ಮಾತಿನಲ್ಲಿ ಅರ್ಧ ನಿಜ ಇದೆ.

ಹೊಲದಲ್ಲಿ ದುಡಿಯುವುದು, ದೂರದಿಂದ ನೀರು ಹೊರುವುದು ಮೈಗೆ ವ್ಯಾಯಾಮವೇ. ಆದರೆ ಬೀಡಿ ಕಟ್ಟುವವರು, ಊದುಬತ್ತಿ ಹೊಸೆಯುವವರು, ಬಟ್ಟೆ ಹೊಲಿಯುವವರು? ಗಂಟೆಗಟ್ಟಲೆ ಕೂತೇ ಇರುತ್ತಾರೆ. ಕೈ ದಣಿಯುತ್ತದೆ. ಕಾಲಿಗೆ ಓಡಾಟವೇ ಇಲ್ಲ. ಸೊಂಟ ಹಿಡಿದುಕೊಳ್ಳುತ್ತದೆ.

ಬಿರಬಿರನೆ ನಡೆದರೆ ಏನು ಲಾಭ? ಗುಂಡಿಗೆಗೆ ಶಕ್ತಿ ಬರುತ್ತದೆ. ನಡೆಯುವಾಗ ಕಾಲಿನ ಮಾಂಸಖಂಡ ರಕ್ತದಲ್ಲಿರುವ ಸಕ್ಕರೆಯನ್ನು ಬಳಸಿಕೊಳ್ಳುತ್ತದೆ. ಸಕ್ಕರೆ ಕಾಯಿಲೆ, ಬಿ.ಪಿ. ಹತೋಟಿಯಲ್ಲಿ ಇಡಲು ಇದು ಸಹಾಯ. ರಾತ್ರಿ ನಿದ್ದೆಯೂ ಚೆನ್ನಾಗಿ ಬರುತ್ತದೆ.

ಎಷ್ಟು ನಡೆಯಬೇಕು? ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಒಂದು ಲೆಕ್ಕ ಹೇಳಿತು. ದೊಡ್ಡವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ವ್ಯಾಯಾಮ ಬೇಕು. ಅಂದರೆ ದಿನಕ್ಕೆ 30 ನಿಮಿಷದಂತೆ ವಾರಕ್ಕೆ 5 ದಿನ. ನಡೆಯುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅಷ್ಟು ಜೋರು ಸಾಕು.

ಶುರು ಮಾಡುವುದು ಸುಲಭ. ಬಿಡದೆ ಮಾಡುವುದೇ ಕಷ್ಟ. ಅದಕ್ಕೆ ನಾಲ್ಕು ದಾರಿ ಇದೆ.

1. ಸ್ವಲ್ಪದಿಂದ ಶುರು ಮಾಡಿ. ಮೊದಲ ವಾರ 10 ನಿಮಿಷ ಸಾಕು. ಆಮೇಲೆ ನಿಧಾನವಾಗಿ ಹೆಚ್ಚಿಸಿ. ಸಸಿಗೆ ದಿನಾ ಒಂದು ಚೊಂಬು ನೀರು ಹಾಕುತ್ತೇವೆ. ಒಂದೇ ದಿನ ಹತ್ತು ಕೊಡ ಸುರಿಯುತ್ತೇವೆಯೇ?

2. ದಿನಾ ತಪ್ಪದ ಕೆಲಸಕ್ಕೆ ನಡಿಗೆಯನ್ನು ಸೇರಿಸಿ. ಡೈರಿಗೆ ಹಾಲು ಹಾಕಿದ ಮೇಲೆ ನಡೆಯಿರಿ. ಇಲ್ಲವೇ ಮಕ್ಕಳನ್ನು ಶಾಲೆಗೆ ಕಳಿಸಿದ ಮೇಲೆ ನಡೆಯಿರಿ. ಆಗ ಹೊತ್ತು ಮರೆಯುವುದಿಲ್ಲ.

3. ಜೊತೆ ಮಾಡಿಕೊಳ್ಳಿ. ನೆರೆಮನೆಯ ಅಕ್ಕನನ್ನು ಕರೆಯಿರಿ. ಇಬ್ಬರು ಮೂವರು ಇದ್ದರೆ ನಾಚಿಕೆ ಇಲ್ಲ, ಹೆದರಿಕೆಯೂ ಇಲ್ಲ.

4. ಬರೆದಿಡಿ. ಈಗ ನಿಮಗೆ ಬರೆಯಲು ಬರುತ್ತದೆ. ನಡೆದ ದಿನ ಗೋಡೆಯ ಕ್ಯಾಲೆಂಡರಿನಲ್ಲಿ ನಿಮಿಷ ಬರೆಯಿರಿ. ತಿಂಗಳ ಕೊನೆಗೆ ನೀವೇ ಕೂಡಿಸಿ ನೋಡಿ.

ಮಳೆ ಬಂತು, ನೆಂಟರು ಬಂದರು, ಒಂದು ದಿನ ತಪ್ಪಿತು. ಪರವಾಗಿಲ್ಲ. ಮರುದಿನ ಮತ್ತೆ ಹೊರಡಿ. ಒಂದು ದಿನ ಸಾರಿಗೆ ಉಪ್ಪು ಹೆಚ್ಚಾಯಿತು ಅಂತ ಅಡುಗೆ ಬಿಡುತ್ತೇವೆಯೇ?

ಒಂದು ಎಚ್ಚರ. ನಡೆಯುವಾಗ ಎದೆ ನೋವು ಬಂದರೆ, ತಲೆ ಸುತ್ತಿದರೆ ಕೂಡಲೇ ನಿಲ್ಲಿಸಿ, ಡಾಕ್ಟರಿಗೆ ತೋರಿಸಿ. ಬಸುರಿಯರು, ಬಿ.ಪಿ., ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವವರು ಮೊದಲೇ ಡಾಕ್ಟರನ್ನು ಕೇಳಿ.

ಮನೆಮಂದಿಗೆಲ್ಲ ಹೊತ್ತು ಕೊಡುತ್ತೀರಿ. ಇದರಲ್ಲಿ ಅರ್ಧ ಗಂಟೆ ನಿಮ್ಮದಾಗಲಿ. "ಈ ಹೊತ್ತು ನನ್ನದು" ಅಂತ ಮನೆಯಲ್ಲಿ ಹೇಳಿಬಿಡಿ. ನೀವು ಗಟ್ಟಿಯಾಗಿದ್ದರೆ ತಾನೇ ಮನೆ ಗಟ್ಟಿ?