ಜನರೇಟರಿಗೆ ಹೊಂಗೆಯ ಇಂಧನ

ಡೀಸೆಲ್ ಜನರೇಟರನ್ನು ಬಯೋಡೀಸೆಲ್‌ನಿಂದ ಓಡಿಸಲು ಎಂಜಿನ್ ಬದಲಿಸಬೇಕಿಲ್ಲ, ಎಣ್ಣೆಯನ್ನು ಹದಗೊಳಿಸಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರು ಹೊಂಗೆ ಎಣ್ಣೆಯಿಂದಲೇ ಹಳ್ಳಿಯ ಜನರೇಟರ್ ಓಡಿಸಿ ನೀರೆತ್ತಿಸಿದ್ದುಂಟು. ಆದರೆ ಹಸಿ ಎಣ್ಣೆ ಡೀಸೆಲ್‌ಗಿಂತ ಬಹಳ ಮಂದ. ದೀರ್ಘ ಬಳಕೆಯಲ್ಲಿ ಇಂಜೆಕ್ಟರಿನ ಮೂತಿಗೆ ಕರಿ ಕಟ್ಟುತ್ತದೆ.

ಹದಗೊಳಿಸುವುದು ಹೀಗೆ: ಎಣ್ಣೆಗೆ ಮೆಥನಾಲ್, ಚೂರು ಕಾಸ್ಟಿಕ್ ಸೋಡಾ ಬೆರೆಸಿ ಸುಮಾರು 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಲಕಿದರೆ ಗ್ಲಿಸರಿನ್ ಕಂದು ಪಾಕವಾಗಿ ತಳಕ್ಕಿಳಿಯುತ್ತದೆ. ಮೇಲೆ ನಿಂತ ತೆಳು ದ್ರವವನ್ನು ತೊಳೆದು, ನೀರಾರಿಸಿದರೆ ಬಯೋಡೀಸೆಲ್ ಸಿದ್ಧ. ಎಣ್ಣೆಯಲ್ಲಿ ಆಮ್ಲ ಹೆಚ್ಚಿದ್ದರೆ ಸೋಪು ಕಟ್ಟಿ ಎಲ್ಲವೂ ಕೆಡುತ್ತದೆ. ಹಾಗಾಗಿ ಬೀಜ ಕೆಡದಂತೆ ಒಣಗಿಸಿಡುವುದೇ ಇಲ್ಲಿ ಮುಖ್ಯ ಕೆಲಸ.

ಬಯೋಡೀಸೆಲ್‌ನ ಹೊಗೆಯಲ್ಲಿ ಮಸಿ ಕಡಿಮೆ, ಗಂಧಕ ಇಲ್ಲವೆನ್ನುವಷ್ಟು. ಅಷ್ಟೇ ವಿದ್ಯುತ್ತಿಗೆ ಇಂಧನ ಮಾತ್ರ ತುಸು ಹೆಚ್ಚು ಬೇಕು. ಹಳೆಯ ಟ್ಯಾಂಕಿನ ಗಸಿ ಸಡಿಲಾಗಿ ಬರುವುದರಿಂದ ಮೊದಮೊದಲು ಫಿಲ್ಟರನ್ನು ಬೇಗಬೇಗ ಬದಲಿಸಬೇಕಾಗುತ್ತದೆ.