ಚಪ್ಪಟೆ ಗೋಡೆಯ ಉಬ್ಬುತಗ್ಗು

ವೀಡಿಯೊ ಗೇಮ್ ಆಡದ ಬಾಲಕ ಬಾಲಿಕೆಯರು ಇಂದಿನ ನಗರಗಳಲ್ಲಿ ವಿರಳ. ಆಟದ ತೆರೆಯ ಮೇಲೆ ಕಾಣುವ ಇಟ್ಟಿಗೆಯ ಗೋಡೆಯನ್ನು ನೀವೆಲ್ಲರೂ ನೋಡಿಯೇ ಇರುವಿರಿ. ಗಾರೆಯ ಸಂದು, ಬಿರುಕು, ಉದುರಿದ ಅಂಚು, ಇವೆಲ್ಲವೂ ಕೈಗೆ ತಗಲುವಂತೆ ತೋರುತ್ತವೆ. ಆದರೆ ಆ ಗೋಡೆಯ ನಿಜವಾದ ಆಕಾರವು ಎಷ್ಟೋ ವೇಳೆ ಎರಡೇ ತ್ರಿಭುಜಗಳನ್ನು ಸೇರಿಸಿ ಮಾಡಿದ ಚಪ್ಪಟೆ ಹಲಗೆ. ಹಾಗಾದರೆ ಉಬ್ಬುತಗ್ಗುಗಳು ಎಲ್ಲಿಂದ ಬಂದುವು? ಇದನ್ನು ಇಲ್ಲಿ ವಿಚಾರಮಾಡೋಣ.

ಆಟದಲ್ಲಿ ಬರುವ ಪ್ರತಿಯೊಂದು ವಸ್ತುವನ್ನೂ ಸಣ್ಣ ತ್ರಿಭುಜಗಳನ್ನು ಜೋಡಿಸಿ ಕಟ್ಟುವುದು ವಾಡಿಕೆ. ಹಾಗೆ ಕಟ್ಟಿದ ಆಕಾರಕ್ಕೆ ಮಾಡೆಲ್ ಎಂದು ಹೆಸರು. ಒಂದೊಂದು ಬಿರುಕನ್ನೂ ತ್ರಿಭುಜಗಳಿಂದಲೇ ಕಟ್ಟಹೊರಟರೆ ಒಂದು ಗೋಡೆಗೇ ಲಕ್ಷಾಂತರ ತ್ರಿಭುಜಗಳು ಬೇಕಾದಾವು. ತೆರೆಯ ಮೇಲಿನ ಚಿತ್ರವಾದರೋ ಸೆಕೆಂಡಿಗೆ 30 ಅಥವಾ 60 ಸಲ ಹೊಸದಾಗಿ ಮೂಡಬೇಕು. ಅಷ್ಟು ಅಲ್ಪ ಕಾಲದಲ್ಲಿ ಕಂಪ್ಯೂಟರು ಅಷ್ಟೊಂದು ಲೆಕ್ಕವನ್ನು ಮಾಡಿ ಮುಗಿಸುವುದು ಕಷ್ಟ. ಆದುದರಿಂದ ಆಕಾರವನ್ನು ಸರಳವಾಗಿಟ್ಟು, ವಿವರಗಳನ್ನು ಚಿತ್ರರೂಪದಲ್ಲಿ ಅದರ ಮೇಲೆ ಹೊದಿಸುತ್ತಾರೆ. ಈ ಹೊದಿಕೆಯ ಚಿತ್ರವೇ ಟೆಕ್ಸ್‌ಚರ್. 1974ರಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಎಡ್ವಿನ್ ಕ್ಯಾಟ್ಮಲ್ ಎಂಬವರು ತಮ್ಮ ಡಾಕ್ಟರೇಟ್ ಪ್ರಬಂಧದಲ್ಲಿ ಈ ವಿಧಾನವನ್ನು ತೋರಿಸಿಕೊಟ್ಟರು.

ಆದರೆ ಬಣ್ಣದ ಚಿತ್ರವೊಂದೇ ಸಾಲದು. ಎಡಗಡೆಯ ಬಿಸಿಲಿನಲ್ಲಿ ತೆಗೆದ ಗೋಡೆಯ ಛಾಯಾಚಿತ್ರವನ್ನು ಹಲಗೆಗೆ ಹೊದಿಸಿದೆವೆನ್ನೋಣ. ಆಟಗಾರನು ಬಲಗಡೆಯಿಂದ ದೀವಟಿಗೆ ಹಿಡಿದು ಬಂದರೂ ಚಿತ್ರದೊಳಗಿನ ನೆರಳು ಕದಲುವುದಿಲ್ಲ. ಕಣ್ಣು ಈ ಮೋಸವನ್ನು ಒಡನೆಯೇ ಕಂಡುಹಿಡಿಯುತ್ತದೆ. ಆದಕಾರಣ ಬಣ್ಣದ ಚಿತ್ರದಲ್ಲಿ ಬಣ್ಣವಷ್ಟೇ ಇರಬೇಕು, ನೆರಳು ಇರಬಾರದು. ಮೋಡ ಕವಿದ ದಿನ ತೆಗೆದ ಛಾಯಾಚಿತ್ರ ಈ ಕೆಲಸಕ್ಕೆ ಉತ್ತಮ.

ನೆರಳು ಬೆಳಕುಗಳನ್ನು ಲೆಕ್ಕದಿಂದ ಪಡೆಯಬೇಕು. ಮೇಲ್ಮೈಗೆ ಎಳೆದ ಲಂಬರೇಖೆಯ ದಿಕ್ಕಿನಿಂದಲೇ ಬೆಳಕು ಬಿದ್ದರೆ ಅದು ಪೂರ್ಣವಾಗಿ ಬೆಳಗುತ್ತದೆ. ಬೆಳಕು ಆ ಲಂಬಕ್ಕೆ 60 ಡಿಗ್ರಿ ಓರೆಯಾದರೆ ಅರ್ಧದಷ್ಟೇ ಬೆಳಗುತ್ತದೆ. 60 ಡಿಗ್ರಿಯ ಕೊಸೈನ್ ಅರ್ಧವೆಂಬುದನ್ನು ಹತ್ತನೆಯ ತರಗತಿಯವರು ಬಲ್ಲರು. ಉಬ್ಬಿನ ಒಂದೊಂದು ಬದಿಯಲ್ಲಿಯೂ ಲಂಬದ ದಿಕ್ಕು ಬೇರೆ ಬೇರೆ. ಅದರಿಂದ ಒಂದು ಬದಿ ಬೆಳಗುತ್ತದೆ, ಇನ್ನೊಂದು ಮಂಕಾಗುತ್ತದೆ. ಕಣ್ಣು ಇದನ್ನೇ ಉಬ್ಬೆಂದು ತಿಳಿಯುತ್ತದೆ. ಹಾಗಿದ್ದಮೇಲೆ ಆಕಾರವನ್ನು ಮುಟ್ಟದೆ, ಲೆಕ್ಕದಲ್ಲಿ ಲಂಬವನ್ನು ಮಾತ್ರ ಓರೆಮಾಡಿದರೆ ಸಾಲದೇ? 1978ರಲ್ಲಿ ಜೇಮ್ಸ್ ಬ್ಲಿನ್ ಎಂಬವರು ತೋರಿಸಿದ ಉಪಾಯ ಇದೇ. ಎತ್ತರವನ್ನು ಬಿಳುಪಿನಿಂದಲೂ ತಗ್ಗನ್ನು ಕಪ್ಪಿನಿಂದಲೂ ಸೂಚಿಸುವ ಚಿತ್ರವೊಂದನ್ನು ಕೊಟ್ಟರೆ, ಓರೆ ಎಷ್ಟೆಂಬುದನ್ನು ಕಂಪ್ಯೂಟರು ತಾನೇ ಕಂಡುಕೊಳ್ಳುತ್ತದೆ. ಇದು ಬಂಪ್ ಮ್ಯಾಪ್.

ಇದರ ಮುಂದಿನ ಮೆಟ್ಟಿಲು ನಾರ್ಮಲ್ ಮ್ಯಾಪ್. ಇದರಲ್ಲಿ ಲಂಬದ ದಿಕ್ಕನ್ನೇ ಕೆಂಪು, ಹಸಿರು, ನೀಲಿಗಳ ಅಂಕೆಗಳಲ್ಲಿ ಬರೆದಿಡುತ್ತಾರೆ. ಪ್ರತಿ ಬಣ್ಣಕ್ಕೂ 0ಯಿಂದ 255ರವರೆಗೆ ಬೆಲೆಯುಂಟು. ಓರೆಯಿಲ್ಲದ ಜಾಗದ ಬೆಲೆ 128, 128, 255. ಆದುದರಿಂದಲೇ ಈ ಚಿತ್ರಗಳು ನೇರಳೆ ಬೆರೆತ ನೀಲಿಯಾಗಿ ಕಾಣುವುವು. ಇದನ್ನು ಪಡೆಯಲು ಮೊದಲು ಲಕ್ಷಗಟ್ಟಲೆ ತ್ರಿಭುಜಗಳ ಸೂಕ್ಷ್ಮ ಮಾಡೆಲ್ ಒಂದನ್ನು ಕಡೆದು, ಅದರ ಲಂಬಗಳನ್ನು ಸರಳ ಮಾಡೆಲಿನ ಚಿತ್ರಕ್ಕೆ ಇಳಿಸಿಕೊಳ್ಳುತ್ತಾರೆ. ಈ ಕ್ರಿಯೆಗೆ ಬೇಕಿಂಗ್ ಎನ್ನುತ್ತಾರೆ. 2004ರಲ್ಲಿ ಹೊರಬಂದ ಡೂಮ್ 3 ಎಂಬ ಆಟವು ಈ ವಿಧಾನವನ್ನು ಬಹಳವಾಗಿ ಬಳಸಿ ಹೆಸರಾಯಿತು.

ಕೆಲಸಕ್ಕೆ ಕೈಹಾಕುವವರು ಮೂರು ಸಂಗತಿಗಳನ್ನು ನೆನಪಿಡಬೇಕು. ಒಂದು, ಚಿಕ್ಕ ಚಿತ್ರವನ್ನು ಸಾಲಾಗಿ ಹೊದಿಸುವಾಗ ಅಂಚುಗಳು ಕೂಡಬೇಕು. ಚಿತ್ರವನ್ನು ಅರ್ಧ ಅಗಲ, ಅರ್ಧ ಎತ್ತರ ಸರಿಸಿದರೆ ಅಂಚಿನ ಗೆರೆಗಳು ನಡುವಿಗೆ ಬರುತ್ತವೆ. ಅಲ್ಲಿ ಅವನ್ನು ತಿದ್ದುವುದು ಸುಲಭ. ಎರಡು, ಒದ್ದೆಯಾದ ಇಟ್ಟಿಗೆ ಹೊಳೆಯುತ್ತದೆ, ಒಣಗಿದ್ದು ಹೊಳೆಯುವುದಿಲ್ಲ. ಈ ನುಣುಪು ಒರಟುಗಳನ್ನು ತಿಳಿಸಲು ಬೇರೊಂದು ಬೂದುಬಣ್ಣದ ಚಿತ್ರ ಬೇಕು. ಮೂರು, ಹಸಿರು ಬಣ್ಣದ ಅಂಕೆಯನ್ನು ಎಲ್ಲ ತಂತ್ರಾಂಶಗಳೂ ಒಂದೇ ರೀತಿ ಓದುವುದಿಲ್ಲ. ಕೆಲವು ಅದನ್ನು ಮೇಲ್ಮುಖವೆಂದೂ ಕೆಲವು ಕೆಳಮುಖವೆಂದೂ ತಿಳಿಯುತ್ತವೆ. ಇದು ತಪ್ಪಿದರೆ ತಗ್ಗೆಲ್ಲ ಉಬ್ಬಿನಂತೆ ಕಂಡೀತು. ದೀಪವನ್ನು ಸುತ್ತ ಸರಿಸಿ ನೋಡಿದರೆ ತಪ್ಪು ಹೊರಬೀಳುತ್ತದೆ.

ಈ ಉಪಾಯಕ್ಕೆ ಮಿತಿಯೂ ಉಂಟು. ಗೋಡೆಯನ್ನು ಪಕ್ಕದಿಂದ ನೋಡಿದಾಗ ಅದರ ಅಂಚು ಗೆರೆ ಎಳೆದಂತೆ ನೇರವಾಗಿಯೇ ಇರುತ್ತದೆ. ಅಲ್ಲಿ ಉಬ್ಬು ಬೇಕೆಂದರೆ ತ್ರಿಭುಜಗಳನ್ನೇ ಸೇರಿಸಬೇಕು.

ಇಂಥ ವಿದ್ಯೆ ಇಂಗ್ಲಿಷ್ ಮಾಧ್ಯಮದವರಿಗೆ ಮಾತ್ರವೆಂಬ ಅಳುಕು ನಮ್ಮ ಮಕ್ಕಳಲ್ಲಿ ಉಂಟು. ತಂತ್ರಾಂಶದ ಪಟ್ಟಿಗಳಲ್ಲಿ ಇಂಗ್ಲಿಷ್ ಪದಗಳಿರುವುದು ನಿಜ. ಅವನ್ನು ಕೆಲವು ವಾರಗಳಲ್ಲಿ ಕಲಿಯಬಹುದು. ಆದರೆ ಲಂಬ, ಕೋನ, ಕೊಸೈನ್ ಇವುಗಳನ್ನು ನಾವು ಕನ್ನಡದಲ್ಲಿಯೇ ಕಲಿಸಿದ್ದೇವೆ, ನೀವು ಕನ್ನಡದಲ್ಲಿಯೇ ಕಲಿತಿದ್ದೀರಿ. ಕೆಲಸದ ತಿರುಳು ಅಲ್ಲಿದೆ. ಬ್ಲೆಂಡರ್ ಎಂಬ ತಂತ್ರಾಂಶವು 2002ರಿಂದ ಮುಕ್ತ ತಂತ್ರಾಂಶವಾಗಿ ಬಿಟ್ಟಿಯಾಗಿ ದೊರೆಯುತ್ತಿದೆ. ಚಿತ್ರ ತಿದ್ದಲು ಗಿಂಪ್ ಉಂಟು. ಅವು ಕೈಗೆ ಬರುವ ಮುನ್ನವೇ ಅಭ್ಯಾಸ ಆರಂಭಿಸಬಹುದು. ರಾತ್ರಿ ದೀಪ ಆರಿಸಿ, ಟಾರ್ಚಿನ ಬೆಳಕನ್ನು ಗೋಡೆಗೆ ಮೊದಲು ನೇರವಾಗಿ, ಆಮೇಲೆ ಓರೆಯಾಗಿ ಹಿಡಿಯಿರಿ. ಎಲ್ಲಿ ಬೆಳಗಿತು, ಎಲ್ಲಿ ಮಂಕಾಯಿತು, ಏಕೆ, ಎಂದು ಬರೆದಿಡಿ. ಆ ಬರಹವನ್ನು ತರಗತಿಗೆ ತನ್ನಿ.