ರ‍್ಯಾಂಡ್ ಹೋದ ದಾರಿಯಲ್ಲಿ ಮಲೋಟಿ ಬಾರದು

ಭೂಪಟದಲ್ಲಿ ದಕ್ಷಿಣ ಆಫ್ರಿಕಾದ ಹೊಟ್ಟೆಯೊಳಗೆ ಪುಟ್ಟದೊಂದು ದೇಶವಿದೆ. ಅದೇ ಲೆಸೊಥೊ. ನಾಲ್ಕೂ ಕಡೆ ಒಂದೇ ದೇಶ ಸುತ್ತುವರಿದಿರುವ ಈ ಬೆಟ್ಟದ ನಾಡಿನ ನಾಣ್ಯ ಲೋಟಿ; ಒಂದಕ್ಕಿಂತ ಹೆಚ್ಚಿದ್ದರೆ ಮಲೋಟಿ. ಅಲ್ಲಿನ ಪರ್ವತಶ್ರೇಣಿಯ ಹೆಸರೂ ಅದೇ. ಒಂದು ಲೋಟಿಗೆ ಸರಿಯಾಗಿ ಒಂದು ದಕ್ಷಿಣ ಆಫ್ರಿಕಾದ ರ‍್ಯಾಂಡ್. ಲೆಕ್ಕ ಇಷ್ಟು ಸುಲಭವಾಗಿರುವ ಕಡೆಯೇ ಪ್ರವಾಸಿಯ ಜೇಬಿಗೆ ಪೆಟ್ಟು ಕಾದಿರುತ್ತದೆ.

ಲೆಸೊಥೊದ ಅಂಗಡಿಯಲ್ಲಿ ರ‍್ಯಾಂಡ್ ಕೊಟ್ಟರೆ ಮರುಮಾತಿಲ್ಲದೆ ತೆಗೆದುಕೊಳ್ಳುತ್ತಾರೆ. ಆದರೆ ಚಿಲ್ಲರೆ ಮಲೋಟಿಯಲ್ಲಿ ಬರಬಹುದು. ಅದನ್ನು ಜೇಬಿನಲ್ಲಿಟ್ಟುಕೊಂಡು ಜೊಹಾನ್ಸ್‌ಬರ್ಗಿಗೆ ಮರಳಿದರೆ ಅಲ್ಲಿನ ಅಂಗಡಿಯವನು ಅದನ್ನು ಮುಟ್ಟುವುದಿಲ್ಲ. 1993ರಲ್ಲಿ ಹುಟ್ಟಿದ ನಮೀಬಿಯಾ ಡಾಲರ್, ಎಸ್ವಾಟಿನಿಯ ಲಿಲಂಗೇನಿ, ಇವುಗಳ ಹಣೆಬರಹವೂ ಅಷ್ಟೇ. ಈ ಮೂರೂ ನಾಣ್ಯಗಳನ್ನು ಒಂದಕ್ಕೊಂದರಂತೆ ರ‍್ಯಾಂಡ್‌ಗೆ ಕಟ್ಟಿಹಾಕಲಾಗಿದೆ. ಭೂತಾನದ ನಾಣ್ಯಕ್ಕೂ ನಮ್ಮ ರೂಪಾಯಿಗೂ ಇರುವ ನಂಟು ಇಂಥದ್ದೇ. ಡಯೋಡಿನಲ್ಲಿ ವಿದ್ಯುತ್ ಹರಿಯುವಂತೆ ಇಲ್ಲಿ ಹಣ ಒಂದೇ ದಿಕ್ಕಿಗೆ ಹರಿಯುತ್ತದೆ ಎನ್ನಿ. ಆದ್ದರಿಂದ ಚಿಲ್ಲರೆಯನ್ನು ರ‍್ಯಾಂಡಿನಲ್ಲೇ ಕೇಳಬೇಕು. ಉಳಿದದ್ದನ್ನು ಗಡಿಗೆ ಮುನ್ನ ಊಟಕ್ಕೋ ಪೆಟ್ರೋಲಿಗೋ ಖರ್ಚು ಮಾಡಿಬಿಡಬೇಕು.

ಬೋಟ್ಸ್‌ವಾನಾ ಈ ಕೂಟದಲ್ಲಿಲ್ಲ. ಅದು 1976ರಲ್ಲೇ ರ‍್ಯಾಂಡನ್ನು ಬಿಟ್ಟು ಪುಲಾ ತಂದಿತು. ಪುಲಾ ಎಂದರೆ ಮಳೆ! ಬಹುಪಾಲು ಕಲಹಾರಿಯೇ ಆವರಿಸಿರುವ ದೇಶಕ್ಕೆ ಇದಕ್ಕಿಂತ ಒಳ್ಳೆಯ ಹೆಸರು ಸಿಗಲಾರದು. ಅಲ್ಲಿ ಹಣ ಬದಲಿಸಿಕೊಳ್ಳುವುದೇ ಸರಿ.

ಜಿಂಬಾಬ್ವೆಯದು ಬೇರೆಯೇ ಕಥೆ. 2009ರ ಜನವರಿಯಲ್ಲಿ ಅಲ್ಲಿ 100 ಟ್ರಿಲಿಯನ್ ಡಾಲರಿನ ನೋಟು ಬಂತು. ವಿದ್ಯಾರ್ಥಿಗಳು ಬರೆದು ನೋಡಬಹುದು: ಒಂದರ ಮುಂದೆ 14 ಸೊನ್ನೆ. ಅದೇ ವರ್ಷ ಜನ ಅಮೆರಿಕದ ಡಾಲರಿಗೆ ಶರಣಾದರು. 2024ರ ಏಪ್ರಿಲ್‌ನಲ್ಲಿ ಜಿಗ್ ಎಂಬ ಹೊಸ ನಾಣ್ಯ ಬಂದರೂ ಪ್ರವಾಸಿಗೆ ಡಾಲರೇ ಆಧಾರ. ವಿಕ್ಟೋರಿಯಾ ಜಲಪಾತ ನೋಡಹೋಗುವವರ ಬಳಿ 1 ಮತ್ತು 5 ಡಾಲರಿನ ನೋಟುಗಳಿರಲಿ. ಚಿಲ್ಲರೆ ಸಿಗುವುದು ಕಷ್ಟ. ಹರಿದ ದೊಡ್ಡ ನೋಟನ್ನು ಬೇಡವೆನ್ನುವವರೂ ಉಂಟು.

ದಕ್ಷಿಣ ಆಫ್ರಿಕಾದ ನಗರಗಳಲ್ಲಿ ಕಾರ್ಡು ಧಾರಾಳವಾಗಿ ನಡೆಯುತ್ತದೆ. ಮಕ್ಕಳನ್ನು ಕಳುಹಿಸುವ ಪೋಷಕರು ಕಾರ್ಡಿನ ವಿದೇಶಿ ಬಳಕೆಯನ್ನು ಇಲ್ಲಿಂದಲೇ ತೆರೆಸಿರಬೇಕು. ಯಂತ್ರ 'ರೂಪಾಯಿಯೋ ರ‍್ಯಾಂಡೋ' ಎಂದು ಕೇಳಿದರೆ ರ‍್ಯಾಂಡ್ ಎನ್ನಿ. ರೂಪಾಯಿ ಎಂದರೆ ವಿನಿಮಯದ ದರ ಅವರು ಹೇಳಿದ್ದೇ. ಹೋಟೆಲಿನಲ್ಲಿ ಬಿಲ್ಲಿನ ಶೇಕಡಾ 10ರಷ್ಟು ಟಿಪ್ಸ್ ವಾಡಿಕೆ. ಇದನ್ನು ಮೊದಲೇ ಬಜೆಟ್ಟಿಗೆ ಸೇರಿಸಿಕೊಳ್ಳದಿದ್ದರೆ ತಿಂಗಳ ಕೊನೆಗೆ ಬಿಸಿ ತಟ್ಟುತ್ತದೆ.

ಜೊಹಾನ್ಸ್‌ಬರ್ಗಿನ ಮಿನಿಬಸ್ ಟ್ಯಾಕ್ಸಿಯಲ್ಲಿ ಮಾತ್ರ ನಗದೇ ಬೇಕು. ಕಂಡಕ್ಟರ್ ಇರುವುದಿಲ್ಲ. ಹಿಂದಿನ ಸಾಲಿನಿಂದ ಹಣ ಕೈಯಿಂದ ಕೈಗೆ ದಾಟಿ ಮುಂದಕ್ಕೆ ಹೋಗುತ್ತದೆ. ಚಾಲಕನ ಪಕ್ಕ ಕುಳಿತ ಪ್ರಯಾಣಿಕನೇ ಕೂಡಿ ಕಳೆದು ಚಿಲ್ಲರೆಯನ್ನು ಹಿಂದಕ್ಕೆ ಕಳುಹಿಸುತ್ತಾನೆ. 200 ರ‍್ಯಾಂಡಿನ ನೋಟು ಚಾಚಿದರೆ ಎಲ್ಲರ ಲೆಕ್ಕವೂ ನಿಂತುಹೋಗುತ್ತದೆ. ಬಾಯಿಲೆಕ್ಕದಲ್ಲಿ ಹಿಂದುಳಿದವರು ಹಿಂದಿನ ಸೀಟಿನಲ್ಲೇ ಕೂರುವುದು ಲೇಸು.